ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಗಡಿನಾಡಿನಲ್ಲಿ ಸ್ಪ್ಯಾನಿಷ್ ಕಲಿಕೆ

ಪ್ರಶ್ನೆ: ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡು ಕಲಿಯುತ್ತಿದ್ದೇನೆ. ಇದು ಸರಿಯೆ? ಉಚ್ಚಾರದಲ್ಲಿ ಎಲ್ಲಿ ತಪ್ಪುತ್ತದೆ?
– ಓದುಗರೊಬ್ಬರು, ಕುಂಬಳೆ

ಉತ್ತರ: ಮೊದಲ ಎರಡು ವಾರಕ್ಕೆ ಸರಿ, ಆಮೇಲೆ ಬಿಡಿ. ಸ್ಪ್ಯಾನಿಷ್‌ನಲ್ಲಿ ‘ಎಚ್’ ಅಕ್ಷರಕ್ಕೆ ಉಚ್ಚಾರವೇ ಇಲ್ಲ, ‘ಬಿ’ ‘ವಿ’ ಎರಡೂ ಒಂದೇ ಧ್ವನಿ. ಕನ್ನಡದಿಂದ ಮತ್ತೆ ಅವರ ಲಿಪಿಗೆ ತಿರುಗಿಸುವಾಗ ಕಾಗುಣಿತ ಕೈಕೊಡುತ್ತದೆ.

ಧ್ವನಿಗಳು ಬಹುಪಾಲು ನಿಮ್ಮ ಬಾಯಲ್ಲೇ ಇವೆ. ಅವರ ತ, ದ ನಮ್ಮ ಹಾಗೆ ಹಲ್ಲಿಗೆ ತಾಗುವಂಥವು. ಇಂಗ್ಲಿಷಿನ ಟ, ಡ ತರಬೇಡಿ. ವರ್ಣಮಾಲೆಯಲ್ಲಿ ಸುಮ್ಮನೆ ಕುಳಿತಿರುವ ಞಕ್ಕೂ ಇಲ್ಲಿ ಕೆಲಸವಿದೆ: ‘ಆಞೊ’ ಎಂದರೆ ವರ್ಷ. ಕಷ್ಟದ್ದು ರಕಾರ. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ಒಂಟಿ ರ ನಮ್ಮದೇ. ಜೋಡಿ ರಕಾರದಲ್ಲೂ ಪದದ ಮೊದಲಲ್ಲೂ ನಾಲಿಗೆ ತುದಿ ಎರಡು ಮೂರು ಸಲ ಅದುರಬೇಕು. ಕಾಸರಗೋಡಿನವರಿಗೆ ಮಲಯಾಳದ ‘ಕರ’ (ದಡ), ‘ಕಱ’ (ಕಲೆ) ಕಿವಿಗೆ ಹೊಸತಲ್ಲವಲ್ಲ, ಆ ಎರಡನೆಯ ಱ ಹಿಡಿದು ಎಳೆಯಿರಿ.

ಕನ್ನಡಿಗರು ಸಾಮಾನ್ಯವಾಗಿ ಎಡವುವುದು ಎ, ಒಗಳಲ್ಲಿ. ‘ಎಲ್ಲ’ ಎನ್ನುವುದು ನಮ್ಮ ಬಾಯಲ್ಲಿ ‘ಯೆಲ್ಲ’ ಆಗುತ್ತದೆ, ‘ಒಂದು’ ‘ವೊಂದು’ ಆಗುತ್ತದೆ. ಅದೇ ರೂಢಿಯಲ್ಲಿ ಪುಲ್ಲಿಂಗ ಪದಗಳ ಮುಂದೆ ಬರುವ ‘ಎಲ್’ ‘ಯೆಲ್’ ಆಗಿಬಿಡುತ್ತದೆ, ಎಂಟು ಎಂಬರ್ಥದ ‘ಒಚೊ’ ‘ವೊಚೊ’ ಆಗುತ್ತದೆ. ಸ್ವರವನ್ನು ಬೋಳಾಗಿಯೇ ಬಿಡಿ.

ಇನ್ನು ಒತ್ತು. ‘ಆಬ್ಲೊ’ ಎಂದು ಮೊದಲ ಸ್ವರ ಒತ್ತಿದರೆ ‘ಮಾತಾಡುತ್ತೇನೆ’, ಕೊನೆಯದನ್ನು ಒತ್ತಿದರೆ ‘ಅವನು ಮಾತಾಡಿದ’. ನಿಯಮ ಚಿಕ್ಕದು: ಪದ ಸ್ವರದಲ್ಲೋ ಎನ್, ಎಸ್ ಅಕ್ಷರದಲ್ಲೋ ಮುಗಿದರೆ ಕೊನೆಯದಕ್ಕಿಂತ ಹಿಂದಿನದಕ್ಕೆ ಒತ್ತು, ಉಳಿದಂತೆ ಕೊನೆಯದಕ್ಕೆ. ಮೇಲೆ ಗೆರೆಯಿದ್ದರೆ ಗೆರೆಯಿರುವಲ್ಲಿಗೆ.

ಪ್ರಶ್ನೆ: ಮೇಜು, ಕೈಗಳಿಗೂ ಲಿಂಗವಂತೆ! ನೆನಪಿಡುವುದು ಹೇಗೆ?
– ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಮರಾಠಿ ಬಲ್ಲವರು ಇದಕ್ಕೆ ಬೆಚ್ಚಬೇಕಿಲ್ಲ, ಅಲ್ಲಿ ಮೂರು, ಇಲ್ಲಿ ಎರಡೇ. ಆದರೆ ಅಲ್ಲಿನ ಲಿಂಗವನ್ನು ಇಲ್ಲಿಗೆ ತರಬೇಡಿ: ಮರಾಠಿಯ ‘ಹಾತ್’ (ಕೈ) ಪುಲ್ಲಿಂಗ, ಅದೇ ಅರ್ಥದ ಸ್ಪ್ಯಾನಿಷ್‌ನ ‘ಮಾನೊ’ ಒಕಾರದಲ್ಲಿ ಮುಗಿದರೂ ಸ್ತ್ರೀಲಿಂಗ. ಸಾಮಾನ್ಯವಾಗಿ ಒ ಪುಲ್ಲಿಂಗ, ಆ ಸ್ತ್ರೀಲಿಂಗ. ‘ದೀಆ’ (ದಿನ), ‘ಮಾಪಾ’, ‘ಪ್ರೊಬ್ಲೆಮಾ’ ಅಪವಾದ. ಪದ ನೆನಪಿಡಲು ಮಾಡಿಕೊಳ್ಳುವ ಚೀಟಿಯಲ್ಲಿ ಬರೀ ‘ಮಾನೊ’ ಬರೆಯದೆ ‘ಲಾ ಮಾನೊ’ ಎಂದೇ ಬರೆಯಿರಿ; ‘ಲಾ’ ಸ್ತ್ರೀಲಿಂಗದ ಗುರುತು, ‘ಎಲ್’ ಪುಲ್ಲಿಂಗದ್ದು.

ಪ್ರಶ್ನೆ: ಮೂರು ತಿಂಗಳಿಂದ ಮೊಬೈಲ್ ಆ್ಯಪ್‌ನಲ್ಲಿ ಕಲಿಯುತ್ತಿದ್ದೇನೆ. ಓದಿದರೆ ತಿಳಿಯುತ್ತದೆ, ಒಂದು ವಾಕ್ಯ ಬಾಯಿಗೆ ಬರುವುದಿಲ್ಲ.
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಆ್ಯಪ್ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಲು ಹೇಳುತ್ತದೆ, ಗುರುತಿಸುವುದು ಬೇರೆ, ಹುಟ್ಟಿಸುವುದು ಬೇರೆ. ಇನ್ನೊಂದು ಕಾರಣ, ನೀವು ಇಂಗ್ಲಿಷಿನ ಮೂಲಕ ಹೋಗುತ್ತಿರಬೇಕು. ಆ ದಾರಿಯವರು ಪ್ರತಿ ವಾಕ್ಯಕ್ಕೂ ‘ಯೊ’ (ನಾನು) ಅಂಟಿಸುತ್ತಾರೆ. ಕನ್ನಡದಲ್ಲಿ ‘ಮಾತಾಡುತ್ತೇನೆ’ ಎಂದರೆ ಸಾಕಲ್ಲ, ‘ಆಬ್ಲೊ’ ಕೂಡ ಹಾಗೆಯೇ. ‘ಮೆ ಗುಸ್ತಾ ಎಲ್ ಕಫೆ’ ಎಂಬುದಂತೂ ನೇರ ‘ನನಗೆ ಕಾಫಿ ಹಿಡಿಸುತ್ತದೆ’. ಬಹುವಚನವಾದರೆ ‘ಗುಸ್ತಾನ್’, ಅಂದರೆ ಹಿಡಿಸುತ್ತವೆ.

ಆದರೆ ಈ ‘ನನಗೆ’ ಎಲ್ಲ ಕಡೆ ನಡೆಯದು. ಹಸಿವು, ಬಾಯಾರಿಕೆ, ವಯಸ್ಸು ‘ಇದೆ’ ಅಲ್ಲ, ಅವರ ಲೆಕ್ಕದಲ್ಲಿ ‘ಹೊಂದಿದ್ದೇನೆ’: ‘ತೆಂಗೊ ಆಂಬ್ರೆ’, ಹಸಿವಾಗಿದೆ. ತೋಟದವರಿಗೆ ‘ತೆಂಗೊ’ ಮರೆಯಲಿಕ್ಕಿಲ್ಲ. ‘ಉಸ್ತೆದ್’ (ನೀವು) ಬಂದಾಗಲೂ ಎಚ್ಚರ: ಕ್ರಿಯಾಪದ ಅವನು-ಅವಳು ರೂಪದಲ್ಲೇ ಇರುತ್ತದೆ.

ದಿನಕ್ಕೆ 40 ನಿಮಿಷ ಸಾಕು. 10 ನಿಮಿಷ ಕೇಳಿ, ಕೇಳಿದ್ದನ್ನು ಅದೇ ವೇಗದಲ್ಲಿ ಹಿಂದೆಯೇ ಹೇಳಿ. 10 ನಿಮಿಷ ಹಳೆಯ ಚೀಟಿ; ಹೊಸ ಪದ ದಿನಕ್ಕೆ 10 ಮೀರದಿರಲಿ. ಮೀರಿದರೆ ಮೂರನೇ ವಾರಕ್ಕೆ ಪುನರಾವರ್ತನೆ ಗುಡ್ಡೆಬಿದ್ದು, ಎಲ್ಲವನ್ನೂ ಬಿಟ್ಟುಬಿಡುತ್ತೀರಿ. 15 ನಿಮಿಷದಲ್ಲಿ ಆರು ವಾಕ್ಯ, ಕನ್ನಡದಿಂದ ನೇರ ಸ್ಪ್ಯಾನಿಷ್‌ಗೆ, ಪುಸ್ತಕ ಮುಚ್ಚಿ. ಉಳಿದ ಐದರಲ್ಲಿ ಅವನ್ನೇ ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿ. ಮೊದಲು ಇರು, ಹೋಗು, ಮಾಡು, ಬೇಕು, ಆಗು ಅರ್ಥದ ಕ್ರಿಯಾಪದಗಳು. ಹಣ್ಣು, ಬಣ್ಣಗಳ ಪಟ್ಟಿ ಕಾಯಲಿ.

ಪ್ರಶ್ನೆ: ಪ್ರಮಾಣಪತ್ರಕ್ಕೆ ಯಾವ ಪರೀಕ್ಷೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ‘ಡೆಲೆ’. ನಡೆಸುವುದು ಸ್ಪೇನ್ ಸರಕಾರದ ಭಾಷಾ ಸಂಸ್ಥೆ ಇನ್ಸ್‌ತಿತೂತೊ ಸೆರ್ವಾಂತೆಸ್. ನವದೆಹಲಿಯಲ್ಲಿ ಅದರ ಕೇಂದ್ರವಿದೆ. ಆರಂಭದ ಎ1ರಿಂದ ಕೊನೆಯ ಸಿ2ರವರೆಗೆ ಆರು ಹಂತ, ಪ್ರಮಾಣಪತ್ರಕ್ಕೆ ಅವಧಿಯಿಲ್ಲ. ಎ1ರಲ್ಲಿ ಓದು-ಬರಹ ಒಂದು ಗುಂಪು, ಆಲಿಸುವಿಕೆ-ಮಾತು ಇನ್ನೊಂದು. ಪ್ರತಿಯೊಂದರಲ್ಲೂ 50ಕ್ಕೆ 30 ಬೇಕು. ಒಂದರ ಅಂಕ ಇನ್ನೊಂದಕ್ಕೆ ಸೇರುವುದಿಲ್ಲ, ಆದ್ದರಿಂದ ಓದು-ಬರಹದ ಗುಂಪಿನಲ್ಲಿ 45 ಬಂದರೂ ಮಾತಿನ ಗುಂಪಿನಲ್ಲಿ 28 ಆದರೆ ನಪಾಸು.