ಇಲಿಯ ರಕ್ತ ಹೇಳುವುದೆಷ್ಟು?

ಮಾನ್ಯರೇ,

ಯಕೃತ್ತಿನ ಕಾಯಿಲೆಗೆ ಬಳಸುವ ಗಿಡಮೂಲಿಕೆಗಳನ್ನು ಮೆಟಬೊಲೋಮಿಕ್ಸ್ ವಿಧಾನದಿಂದ ಪರೀಕ್ಷಿಸುವ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಮದ್ದು ಕುಡಿಸಿದ ಇಲಿಗಳ ರಕ್ತದಲ್ಲಿ ಏರುಪೇರಾಗಿದ್ದ ಅಣುಗಳೆಲ್ಲ ಸಹಜ ಮಟ್ಟಕ್ಕೆ ಮರಳಿದವು ಎಂದಮೇಲೆ ವೈದ್ಯರು ಅದನ್ನು ಬರೆದುಕೊಡಲು ಹಿಂಜರಿಯುವುದೇಕೆ ಎಂದು ಕೇಳಿದ್ದೀರಿ. ಹಾಲುಮುಳ್ಳಿನ (ಮಿಲ್ಕ್ ಥಿಸಲ್) ಗಿಡದಿಂದ ತೆಗೆದ ಸಿಲಿಮರಿನ್ ಬಗ್ಗೆಯೂ ವಿಚಾರಿಸಿದ್ದೀರಿ.

ರಕ್ತ, ಮೂತ್ರ ಅಥವಾ ಅಂಗಾಂಶದಲ್ಲಿರುವ ಅಮೈನೋ ಆಮ್ಲ, ಪಿತ್ತಾಮ್ಲ, ಕೊಬ್ಬಿನಂಥ ನೂರಾರು ಸಣ್ಣ ಅಣುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಅಥವಾ ಎನ್‌ಎಂಆರ್ ಯಂತ್ರದಿಂದ ಒಟ್ಟಿಗೇ ಅಳೆಯುವುದು ಈ ವಿಧಾನದ ಬಲ. ಒಂದೇ ಕಷಾಯದಲ್ಲಿ ಹತ್ತಾರು ಘಟಕಗಳು ದೇಹದ ಹತ್ತಾರು ಕಡೆ ಕೆಲಸ ಮಾಡುವಾಗ ಇಂಥ ಅಗಲವಾದ ನೋಟ ಬೇಕೇ ಬೇಕು.

ತೊಡಕಿರುವುದು ಪ್ರಯೋಗದ ಏರ್ಪಾಟಿನಲ್ಲಿ. ಇಲಿಗಳ ಯಕೃತ್ತನ್ನು ಕೆಡಿಸಲು ಬಹಳ ಕಡೆ ಬಳಸುವುದು ಕಾರ್ಬನ್ ಟೆಟ್ರಾಕ್ಲೋರೈಡ್. ಅದು ನೇರವಾಗಿ ವಿಷವಲ್ಲ. ಯಕೃತ್ತಿನಲ್ಲಿರುವ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಒಡೆದಾಗ ಹುಟ್ಟುವ ಚುರುಕಾದ ತುಣುಕುಗಳು ಜೀವಕೋಶದ ಪೊರೆಯನ್ನು ಸುಡುತ್ತವೆ. ಮದ್ದನ್ನು ಮೊದಲೇ ಕುಡಿಸಿದ್ದು, ಅದರಲ್ಲಿನ ಯಾವುದೋ ಘಟಕ ಆ ಕಿಣ್ವವನ್ನು ತಡೆದರೆ, ವಿಷ ತಯಾರಾಗುವುದೇ ಇಲ್ಲ, ಅಣುಗಳ ಮಟ್ಟವೂ ಕೆಡುವುದಿಲ್ಲ. ವರದಿಯಲ್ಲಿ ಇದು ಯಕೃತ್ತಿನ ರಕ್ಷಣೆಯೆಂದೇ ಕಾಣುತ್ತದೆ. ಆದರೆ ವರ್ಷಗಟ್ಟಲೆ ಮದ್ಯ, ಬೊಜ್ಜು ಅಥವಾ ವೈರಸ್ಸಿನಿಂದ ಗಂಟುಗಟ್ಟಿದ ಮನುಷ್ಯನ ಯಕೃತ್ತಿಗೆ ಇದರಿಂದ ಏನು ಪ್ರಯೋಜನ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆದ್ದರಿಂದ ಇಂಥ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಮದ್ದನ್ನು ವಿಷಕ್ಕೆ ಮುಂಚೆ ಕೊಟ್ಟರೋ, ಆಮೇಲೆ ಕೊಟ್ಟರೋ ಎಂಬುದನ್ನು.

ಮಾದರಿಯನ್ನು ಕಾಪಿಡುವುದೂ ಸಣ್ಣ ಮಾತಲ್ಲ. ರಕ್ತದ ಕೊಳವೆ ಕೋಣೆಯ ಬಿಸಿಯಲ್ಲಿ ಸುಮ್ಮನೆ ಕುಳಿತರೆ ಅದರೊಳಗಿನ ಕೆಂಪು ಕಣಗಳು ಗ್ಲೂಕೋಸನ್ನು ತಿನ್ನುತ್ತಲೇ ಹೋಗುತ್ತವೆ, ಲ್ಯಾಕ್ಟೇಟ್ ಏರುತ್ತದೆ. ಊಟವಾದ ಮೇಲೆ ರಕ್ತದಲ್ಲಿ ಪಿತ್ತಾಮ್ಲಗಳು ಹೆಚ್ಚುತ್ತವೆ. ಅವುಗಳ ರೂಪವನ್ನು ಕರುಳಿನ ಬ್ಯಾಕ್ಟೀರಿಯಾಗಳೂ ಬದಲಿಸುತ್ತವೆ. ಹೀಗಿರುವಾಗ ಪಿತ್ತಾಮ್ಲದ ಏರಿಳಿತವನ್ನೆಲ್ಲ ಮದ್ದಿನ ಖಾತೆಗೆ ಹಾಕಲಾಗದು.

ಇನ್ನು ಸಿಲಿಮರಿನ್. ಪ್ರಾಣಿಗಳಲ್ಲಿ ಅದು ಒಳ್ಳೆಯ ಫಲ ತೋರಿಸಿತ್ತು. ಇಂಟರ್‌ಫೆರಾನ್ ಚಿಕಿತ್ಸೆಗೆ ಬಗ್ಗದ ದೀರ್ಘಕಾಲದ ಹೆಪಟೈಟಿಸ್ ಸಿ ರೋಗಿಗಳಿಗೆ ಅದನ್ನು ವಾಡಿಕೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನಡೆಸಿದ, 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಾತ್ರ, ಎಎಲ್‌ಟಿ (ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ) ಮಟ್ಟವನ್ನು ಇಳಿಸುವುದರಲ್ಲಿ ಹುಸಿಮದ್ದಿಗಿಂತ ಗಣನೀಯವಾಗಿ ಮೇಲೆನಿಸಲಿಲ್ಲ. ಅದು ಒಂದು ಬಗೆಯ ರೋಗಿಗಳ ಮಾತಷ್ಟೇ ನಿಜ. ಹಾಗೆಂದು ಇಲಿಯ ಫಲಿತಾಂಶವನ್ನು ಅದರ ಮುಂದಿಟ್ಟು ವಾದಿಸುವುದು ಸರಿಯಲ್ಲ.

ಮೆಟಬೊಲೋಮಿಕ್ಸ್‌ನಿಂದ ಹೆಚ್ಚಿನ ಉಪಯೋಗ ಬೇರೆಡೆ ಆದೀತೆಂದು ನನ್ನ ಎಣಿಕೆ: ಮದ್ದಿನ ಹಾನಿಯನ್ನು ಮುಂಚೆಯೇ ಹಿಡಿಯುವುದರಲ್ಲಿ. ಪ್ಯಾರಾಸಿಟಮಾಲ್ ಕೊಡುವ ಮೊದಲೇ ಇಲಿಗಳ ಮೂತ್ರವನ್ನು ಪರೀಕ್ಷಿಸಿ, ಯಾವುದರ ಯಕೃತ್ತಿಗೆ ಹೆಚ್ಚು ಪೆಟ್ಟಾದೀತೆಂದು ಅಂದಾಜಿಸಬಹುದೆಂಬುದನ್ನು 2006ರಲ್ಲೇ ತೋರಿಸಲಾಗಿದೆ. ಹಸಿರು ಚಹಾದ ಗಟ್ಟಿಸಾರದ ಮಾತ್ರೆ ನುಂಗಿ ಕೆಲವರ ಯಕೃತ್ತು ಕೆಟ್ಟಿದೆ, ಬಹುಮಂದಿಗೆ ಏನೂ ಆಗಿಲ್ಲ. ಆ ಕೆಲವರನ್ನು ಮೊದಲೇ ಗುರುತಿಸಲು ಈ ಯಂತ್ರಗಳನ್ನು ಹೂಡಬೇಕು.

ಸಂಪಾದಕ