ಮಿದುಳಿನಲ್ಲಿ ಎಷ್ಟು ಜಿಬಿ ಹಿಡಿಸುತ್ತೆ?

ಮಿದುಳೂ ಒಂದು ಕಂಪ್ಯೂಟರೇ ಅಲ್ವಾ, ಹಾಗಾದರೆ ಅದರಲ್ಲಿ ಎಷ್ಟು ಜಿಬಿ ಹಿಡಿಸುತ್ತೆ ಅಂತ ಕೇಳಿದ್ದೀರಿ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ, ನಮ್ಮಮ್ಮನಿಗೆ ಸ್ಟ್ರೋಕ್ ಆಗುವವರೆಗೆ.

ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ಮಾತು ನಿಂತೇ ಹೋಯಿತು. ಬಾಯಾರಿದರೆ ಲೋಟದ ಕಡೆ ಕೈ ತೋರಿಸುತ್ತಿದ್ದರು. ‘ಲೋಟ’ ಅನ್ನಲು ಹೋಗಿ ‘ಲೋ... ಲೋ...’ ಅಂತ ತಡವರಿಸಿ ಅತ್ತುಬಿಡುತ್ತಿದ್ದರು. ಒಂದು ಸಂಜೆ ದೊಡ್ಡಮ್ಮ ದೀಪ ಹಚ್ಚಿ ದಾಸರ ಪದ ಶುರು ಮಾಡಿದರು. ಅಮ್ಮನೂ ದನಿಗೂಡಿಸಿದರು. ಎರಡು ನುಡಿ, ಒಂದಕ್ಷರ ತಪ್ಪಲಿಲ್ಲ! ಹಾಡು ಮುಗಿಯಿತು, ಲೋಟ ಮತ್ತೆ ‘ಲೋ... ಲೋ...’ ಆಯಿತು.

ಹೀಗೆ ಆಗುವುದು ಅಪರೂಪವಲ್ಲ ಅಂದರು ಡಾಕ್ಟರು. ಹೆಚ್ಚಿನವರಲ್ಲಿ ಮಾತಿನ ಕೆಲಸ ಎಡಭಾಗದ್ದು. ಇದರ ಸುಳಿವು ಕೊಟ್ಟವರು ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ, 1861ರಲ್ಲಿ. ಅವರ ರೋಗಿಯೊಬ್ಬನಿಗೆ ಏನು ಕೇಳಿದರೂ ‘ಟಾನ್’ ಅಂತಲೇ ಬರುತ್ತಿತ್ತು. ಅವನು ಸತ್ತ ಮೇಲೆ ನೋಡಿದರೆ ಮಿದುಳಿನ ಎಡಗಡೆ, ಮುಂಭಾಗ ಹಾಳಾಗಿತ್ತು. ಹಾಡುವಾಗ ಬಲಭಾಗವೂ ಜೋರಾಗಿ ದುಡಿಯುತ್ತದೆ.

ಕಂಪ್ಯೂಟರಿನಲ್ಲಿ ‘ಲೋಟ’ ಅನ್ನೋ ಫೈಲಿಗೆ ಒಂದು ವಿಳಾಸ ಇರುತ್ತದೆ. ಫೈಲ್ ಡಿಸ್ಕಿನಲ್ಲಿ, ಲೆಕ್ಕ ಮಾಡುವುದು ಪ್ರೊಸೆಸರಿನಲ್ಲಿ, ನಡುವೆ ಓಡಾಟ. ಮಿದುಳಿನಲ್ಲಿ ಉಗ್ರಾಣ ಬೇರೆ, ಅಡುಗೆಮನೆ ಬೇರೆ ಅಂತಿಲ್ಲ. ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದಕ್ಕೂ ಸಾವಿರಾರು ಕೊಂಡಿಗಳು. ಬಳಸಿದಷ್ಟೂ ಕೊಂಡಿ ಗಟ್ಟಿ. ನೆನಪು ಅಂದರೆ ಆ ಗಟ್ಟಿತನವೇ. ಯೋಚನೆ ಹರಿಯುವುದೂ ಅದೇ ಕೊಂಡಿಗಳಲ್ಲಿ. ಹಾಗಾಗಿ ಸುಮ್ನೆ ಜಿಬಿ ಲೆಕ್ಕ ಹಾಕಿ ಹೇಳುವ ಸಂಖ್ಯೆಗಳನ್ನು ನಾನಂತೂ ನಂಬುವುದಿಲ್ಲ. ಇಷ್ಟೆಲ್ಲಾ ನಡೆಯುವುದು ಸುಮಾರು 20 ವ್ಯಾಟ್‌ನಲ್ಲಿ, ಒಂದು ಎಲ್‌ಇಡಿ ಟ್ಯೂಬ್‌ಲೈಟಿಗೆ ಬೇಕಾಗುವಷ್ಟು ಕರೆಂಟಿನಲ್ಲಿ!

ಹಾಗಂತ ಎರಡಕ್ಕೂ ನಂಟೇ ಇಲ್ಲ ಅನ್ನುತ್ತಿಲ್ಲ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಎಂಬ ಇಬ್ಬರು ನರಕೋಶವನ್ನು ಹೌದು–ಅಲ್ಲ ಎಂಬ ಗಣಿತವಾಗಿ ಬರೆದು ತೋರಿಸಿದರು. ಇವತ್ತಿನ ಎಐ ಆ ದಾರಿಯಲ್ಲೇ ಬೆಳೆದದ್ದು. ಅದೂ ಕೊಂಡಿಗಳ ಬಲ ಹೆಚ್ಚುಕಡಿಮೆ ಮಾಡಿಯೇ ಕಲಿಯುತ್ತದೆ.

ಅಮ್ಮನಿಗೆ ಮಾತು ಕಲಿಸಲು ಬಂದವರು ಎಡಗೈಯಲ್ಲಿ ತಾಳ ಹಾಕಿಸಿ, ‘ನೀರು ಬೇಕು’ ಅನ್ನುವುದನ್ನು ರಾಗವಾಗಿ ಹಾಡಿಸಿದರು. ದಿನಾ ಅದೇ, ತಿಂಗಳುಗಟ್ಟಲೆ. ಈಗ ಅಮ್ಮ ರಾಗ ಇಲ್ಲದೆಯೂ ನೀರು ಕೇಳುತ್ತಾರೆ. ತುಂಬಾ ದಣಿದಿದ್ದ ದಿನ ಮಾತ್ರ ಎಡಗೈ ತಾನಾಗಿ ತೊಡೆ ತಟ್ಟುತ್ತದೆ, ಆಮೇಲೆ ಮಾತು ಬರುತ್ತದೆ.