ಡಿಂಕ್ ಮೇಲೇಳುತ್ತಿದೆಯೇ?

ಪ್ರಶ್ನೆ: ಪಿಕಲ್‌ಬಾಲ್ ಕೋರ್ಟ್ ನಮಗೆ ಸಿಗೋದು ಭಾನುವಾರ ಮಾತ್ರ. ನನ್ನ ಡಿಂಕ್ (ನೆಟ್ ಬಳಿಯಿಂದ ಮೆಲ್ಲಗೆ ಆಚೆ ದಾಟಿಸುವ ಹೊಡೆತ) ಮೇಲೇಳುತ್ತದೆ, ಎದುರಿನವರು ಬಾರಿಸಿಬಿಡುತ್ತಾರೆ. ಮನೆಯಲ್ಲಿ ಏನು ಅಭ್ಯಾಸ ಮಾಡಲಿ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ತಾರಸಿಯ ಗೋಡೆ ಸಾಕು. ನೆಲದಿಂದ 34 ಇಂಚು ಎತ್ತರದಲ್ಲಿ ಟೇಪ್ ಅಂಟಿಸಿ. ನೆಟ್‌ನ ನಡುಭಾಗ ಅಷ್ಟೇ ಎತ್ತರ. ಕಿಚನ್ (ಚೆಂಡು ಪುಟಿಯುವ ಮೊದಲೇ ಹೊಡೆಯಬಾರದ, ನೆಟ್ ಪಕ್ಕದ ಜಾಗ) ಗೆರೆಯಷ್ಟೇ ದೂರ, ಅಂದರೆ 7 ಅಡಿ ಹಿಂದೆ, ಮಂಡಿ ಬಗ್ಗಿಸಿ ನಿಲ್ಲಿ. ಚೆಂಡು ಟೇಪಿನ ಮೇಲೆ ಒಂದು ಗೇಣಿನೊಳಗೆ ತಾಗಬೇಕು. ವಾಪಸ್ ಬಂದದ್ದು ಎರಡು ಸಲ ಪುಟಿದರೂ ಚಿಂತೆಯಿಲ್ಲ, ಇಲ್ಲಿ ಅಂಪೈರ್ ಯಾರೂ ಇಲ್ಲ.

ಚೆಂಡು ಏಳಿಸುವುದು ಸಾಮಾನ್ಯವಾಗಿ ಬಿಗಿ ಹಿಡಿತ ಮತ್ತು ಮಣಿಕಟ್ಟಿನ ಕೊಡವು. ಪ್ಯಾಡಲನ್ನು ಸಡಿಲವಾಗಿ ಹಿಡಿದು ಭುಜದಿಂದ ತಳ್ಳಿ. ಅದು ಸೊಂಟದ ಹಿಂದಕ್ಕೆ ಹೋಗಲೇಬಾರದು. ಟೆನಿಸ್ ಚೆಂಡು ಬೇಡ, ಪುಟಿತವೇ ಬೇರೆ. ಹೊರಾಂಗಣದ 40 ತೂತಿನದ್ದೇ ಇರಲಿ.

ಭಾನುವಾರ ಆಟಕ್ಕೆ ಮುಂಚೆ ಹತ್ತು ನಿಮಿಷ ಕರ್ಣರೇಖೆಯಲ್ಲಿ ಡಿಂಕ್ ಮಾಡಿ. ನೇರ ಡಿಂಕ್ ಆಮೇಲೆ: ಅಂಚಿನಲ್ಲಿ ನೆಟ್ 36 ಇಂಚು, ದೂರವೂ ಕಡಿಮೆ.